ಜಗಳ ಆಡೋ ಜೀನ್ ಒಂದೇ ಸಾಲದು

"ವರ್ಷವಿಡೀ ಹುರುಳಿಕಾಯಿ ಗಿಡ ನೋಡೋದೂ ಒಂದು ಉದ್ಯೋಗವೇನೋ?" ಅಂತ ಅಮ್ಮ ಆಗಾಗ ರೇಗಿಸ್ತಾಳೆ. ನಾನು ಬೀನ್ಸ್ ತಳಿಗಳನ್ನು ಕ್ರಾಸ್ ಮಾಡೋ ಕೆಲಸದಲ್ಲಿದ್ದೀನಿ. ವೈರಸ್ ತಗುಲಿದ ಗಿಡಕ್ಕೆ ಔಷಧಿ ಇಲ್ಲ. ರೋಗ ತಡೆಯೋ ತಳಿಯೇ ಬೇಕು.

ಮೊಸಾಯಿಕ್ ವೈರಸ್ ಬಂದರೆ ಎಲೆ ಮೇಲೆ ತಿಳಿಹಸಿರು, ಕಡುಹಸಿರು ಮಚ್ಚೆ ಮೂಡುತ್ತೆ, ಎಲೆ ಮುದುಡುತ್ತೆ, ಇಳುವರಿ ಕುಸಿಯುತ್ತೆ. ಸಸ್ಯಹೇನು ಇದನ್ನು ಗಿಡದಿಂದ ಗಿಡಕ್ಕೆ ಹರಡುತ್ತೆ. ರೋಗದ ಗಿಡದ ಬೀಜ ಎತ್ತಿಟ್ಟರೆ ಮುಂದಿನ ಬೆಳೆಗೂ ಬರುತ್ತೆ.

ಇದಕ್ಕೆ ತಳಿ ವಿಜ್ಞಾನಿಗಳು ದಶಕಗಳಿಂದ ನೆಚ್ಚಿಕೊಂಡಿದ್ದು 'ಐ' ಅನ್ನೋ ಪ್ರಬಲ ಜೀನನ್ನು. ಆದರೆ ಈ ವೈರಸ್‌ಗೆ ಒಂದು ಹತ್ತಿರದ ದಾಯಾದಿ ಇದೆ, ಪೂರ್ವ ಆಫ್ರಿಕಾದಲ್ಲಿ ಹೆಚ್ಚು. ಅದು ತಗುಲಿದರೆ 'ಐ' ಇರೋ ಗಿಡ ತನ್ನದೇ ಜೀವಕೋಶಗಳನ್ನು ಕೊಂದುಕೊಳ್ಳುತ್ತೆ. ಕಾಂಡ, ಬೇರಿನ ಒಳನಾಳ ಕಪ್ಪಾಗಿ ಗಿಡವೇ ಸಾಯುತ್ತೆ. ಇದಕ್ಕೆ 'ಬ್ಲ್ಯಾಕ್ ರೂಟ್' ಅಂತಾರೆ.

ಹಾಗಾಗಿ 'ಬಿ.ಸಿ.-3' ಅನ್ನೋ ಜೀನನ್ನೂ ಜೊತೆಗೆ ಸೇರಿಸ್ತೀವಿ. ಇದು ಜಗಳ ಆಡಲ್ಲ. ವೈರಸ್ ತಾನು ಬೆಳೆಯೋಕೆ ಬಳಸಿಕೊಳ್ಳೋ ಗಿಡದ ಪ್ರೋಟೀನೇ ಇಲ್ಲಿ ಕೊಂಚ ಬೇರೆ; ಅದಕ್ಕೆ ಹಿಡಿತ ಸಿಗಲ್ಲ. ಆದರೆ ಈ ಜೀನ್ ತಂದೆ-ತಾಯಿ ಎರಡೂ ಕಡೆಯಿಂದ ಬಂದರಷ್ಟೇ ಕೆಲಸ ಮಾಡುತ್ತೆ. ಮೊದಲ ಪೀಳಿಗೆಯಲ್ಲಿ ಅದರ ಫಲ ಕಾಣೋದೇ ಇಲ್ಲ. ಎರಡನೆಯದರಲ್ಲಿ ಸರಾಸರಿ 4 ಗಿಡಕ್ಕೆ 1. ಅದರಲ್ಲೂ ರುಚಿ, ಇಳುವರಿ ಎರಡೂ ಉಳಿದಿರಬೇಕು.

ಬೀಜ ರೈತರ ಕೈ ಸೇರೋ ಹೊತ್ತಿಗೆ ವರ್ಷಗಳೇ ಕಳೆದಿರುತ್ತೆ. ಆದರೆ ಆಮೇಲೆ ರಕ್ಷಣೆ ಬೀಜದೊಳಗೇ ಇರುತ್ತೆ. ಕಾಯೋದಕ್ಕೆ ನನಗೆ ಅಷ್ಟು ಕಾರಣ ಸಾಕು.