ಇಫ್ಫು ಬಂದರೆ ವಿಲ್ಲು ಬೇಡವೊ

ಬೆಂಕಿಗೆ ಇನ್ನಷ್ಟು ಹತ್ತಿಕಟಿಗಿ ಹಾಕ್ರಿ, ದೇವದುರ್ಗದ ನಮ್ಮ ಇಂಗ್ಲಿಷ್ ಮಾಸ್ತರರ ಕಥೆ ಹೇಳತೀನಿ.

ಎಂಬತ್ತರ ದಶಕದ ಆರಂಭ. ನಾವು ಎಸ್ಸೆಸ್ಸೆಲ್ಸಿ. ಎಬಿಸಿಡಿಯ ಮುಖ ನೋಡಿದ್ದೇ ಐದನೇ ಕ್ಲಾಸಿನಲ್ಲಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಉರ್ದು, ತೆಲುಗು ಎಲ್ಲ ನಡೆಸುತ್ತಿದ್ದ ನಾಲಗೆ ಇಂಗ್ಲಿಷ್ ಎಂದೊಡನೆ ಅಂಟಿಕೊಳ್ಳುತ್ತಿತ್ತು. ಮಾಸ್ತರರು ಮಾನ್ವಿಯವರು. ಸೋಮವಾರ ಸಿರವಾರದ ಮೇಲೆ ಬಸ್ಸಿಗೆ ಬಂದರೆ ಶನಿವಾರವೇ ವಾಪಸು. ಮಾನ್ವಿ ಎಂದರೆ ಜಗನ್ನಾಥದಾಸರ ಊರು. ಅವರ ಹರಿಕಥಾಮೃತಸಾರ ಭಾಮಿನಿ ಷಟ್ಪದಿಯಲ್ಲಿದೆಯಲ್ಲ, ಅಕ್ಷರ ಬಾರದ ಮುದುಕಿಯರೂ ಅದನ್ನು ಸಂಧಿಗಟ್ಟಲೆ ಹೇಳುವುದನ್ನು ಕೇಳಿ ಬೆಳೆದವರು ಈ ಮಾಸ್ತರರು. ‘ತಾಳ ಇದ್ರ ತಲಿಯಾಗ ನಿಂದರ್ತದ’ ಎಂಬುದೊಂದೇ ಅವರ ಶಿಕ್ಷಣಶಾಸ್ತ್ರ.

ಒಂದು ಸೋಮವಾರ ಅವರ ಕೈಯಲ್ಲಿ ಟೇಪ್‌ರೆಕಾರ್ಡರ್. ರಾಯಚೂರಿನ ತೀನ್ ಕಂದಿಲ್ ಕಡೆ ಕೊಂಡ ಕ್ಯಾಸೆಟ್ಟು. 1978ರ ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರದಲ್ಲಿ, ಜಿ.ಕೆ. ವೆಂಕಟೇಶ್ ಸಂಗೀತಕ್ಕೆ ರಾಜಕುಮಾರ್ ಇಂಗ್ಲಿಷಿನಲ್ಲೇ ಹಾಡಿದ ಹಾಡು ನಿಮಗೆಲ್ಲ ಗೊತ್ತು. ಅಣ್ಣಾವ್ರೇ ಹಾಡ್ಯಾರಂದ ಮ್ಯಾಲೆ ನಮಗ್ಯಾಕ ಹೆದರಿಕೆ! ಇಡೀ ಕ್ಲಾಸು ಹಾಡಿತು. ಆಮೇಲೆ ಹಾಡಿನಲ್ಲಿ ‘ನೀನು ನಾಳೆ ಬಂದರೆ’ ಎನ್ನುವ ಇಫ್ ಸಾಲು ಹಿಡಿದು ಮಾಸ್ತರರು ಕೇಳಿದರು: ‘ಬರೂದು ನಾಳೆ, ಆದ್ರ ಇಫ್ ಮುಂದ ವಿಲ್ ಎಲ್ಲೈತ್ರಲೇ?’ ಹುಡುಕಿದೆವು. ಇರಲಿಲ್ಲ. ಮಾತು ನಾಳೆಯದಾದರೂ ಇಫ್ ಇರುವ ಅರ್ಧದಲ್ಲಿ ಕ್ರಿಯಾಪದ ವರ್ತಮಾನದಲ್ಲೇ ನಿಲ್ಲುತ್ತದೆ. ವಿಲ್ ಬೇಕಾದರೆ ಮುಂದಿನ ಅರ್ಧಕ್ಕೆ. ಅಲ್ಲೇ ಮೇಜು ಬಡಿಯುತ್ತ ಭಾಮಿನಿಯ ನಡೆಯಲ್ಲಿ ಕಟ್ಟಿಬಿಟ್ಟರು:

ಇಫ್ಫು ಬಂದರೆ ವಿಲ್ಲು ಬೇಡವೊ
ತಪ್ಪದವನಿಗೆ ಜಾಗವಾಚೆಗೆ

ಹಾಡು ಹೇಳುವುದೆಲ್ಲ ಸರಿ ಎಂದು ಮಾತ್ರ ಅವರು ನಂಬಲಿಲ್ಲ. ‘ಹಾಡಿನ್ಯಾಗ ಷಿ ಡೋಂಟ್ ನಡೀತದ, ಪರೀಕ್ಷಾದಾಗ ಷಿ ಡಸಂಟ್ ಬರೀಬೇಕು’ ಎನ್ನುತ್ತಿದ್ದರು. ಎಷ್ಟೋ ವರ್ಷಗಳ ಮೇಲೆ ಬೀಟಲ್ಸ್ ತಂಡದ 1965ರ ‘ಟಿಕೆಟ್ ಟು ರೈಡ್’ ಕೇಳಿದಾಗ ಅಲ್ಲಿಯೂ ಅದೇ ಡೋಂಟ್! ಅವರೆಲ್ಲಿ ಇದನ್ನು ಕೇಳಿದ್ದರೋ, ಕೇಳಿಯೇ ಇರಲಿಲ್ಲವೋ.

ಆ ವರ್ಷದ ಇನ್‌ಸ್ಪೆಕ್ಷನ್ನಿಗೆ ರಾಯಚೂರಿನಿಂದ ಸಾಹೇಬರು ಬಂದರು. ಹಿಂದಿನ ಬೆಂಚಿನ ಹುಡುಗನನ್ನು ಎಬ್ಬಿಸಿ, ಮಳೆಯಾದರೆ ನಿಮ್ಮಪ್ಪ ಏನು ಮಾಡುತ್ತಾನೆ, ಇಂಗ್ಲಿಷಿನಲ್ಲಿ ಹೇಳು ಎಂದರು. ಅವನ ಬೆರಳು ಬೆಂಚಿನ ಮೇಲೆ ಆಡತೊಡಗಿದವು. ಆಮೇಲೆ ರಾಗವಾಗಿ ಬಂತು: ‘ಇಫ್ ಇಟ್ ರೇನ್ಸ್, ಮೈ ಫಾದರ್ ವಿಲ್ ಸೋ ಕಾಟನ್.’ ಒಂದಕ್ಷರ ತಪ್ಪಿಲ್ಲ. ಸಾಹೇಬರು ಕನ್ನಡಕ ತೆಗೆದು, ‘ಹಾಡಬ್ಯಾಡ, ಹಂಗ ಹೇಳು’ ಎಂದರು. ಬೆರಳು ನಿಂತವು, ಹುಡುಗನೂ ನಿಂತ. ಬಾಯಿ ತೆರೆದ, ಮುಚ್ಚಿದ. ‘ತಾಳ ಬಿಡಿಸಬ್ಯಾಡ್ರಿ ಸಾಹೇಬ್ರ, ಮಾತೂ ಬಿಡ್ತಾನ’ ಎಂದು ಮಾಸ್ತರರೇ ನಡುವೆ ಬಂದರು.

ನಾವು ನಕ್ಕೆವು, ಅವರು ನಗಲಿಲ್ಲ. ಮರುದಿನದಿಂದ ಪಾಠದ ರೀತಿಯೇ ಬದಲಾಯಿತು. ಮೊದಲು ಹಾಡು, ಆಮೇಲೆ ಅದೇ ವಾಕ್ಯ ಮೈದಾನದಲ್ಲಿ ನಡೆಯುತ್ತ, ರಾಗವಿಲ್ಲದೆ. ಮೂರನೆಯ ಸುತ್ತಿಗೆ ಮಳೆ ಹೋಗಿ ಬಸ್ಸು ಬರಬೇಕು, ಹತ್ತಿ ಹೋಗಿ ಜೋಳ ಬರಬೇಕು. ಇಫ್ ಮತ್ತು ವಿಲ್ ಮಾತ್ರ ಕದಲಬಾರದು. ನನ್ನನ್ನು ಕೇಳಿದರೆ, ನಾವು ಇಂಗ್ಲಿಷ್ ಕಲಿತದ್ದು ಆ ಮೂರನೆಯ ಸುತ್ತಿನಲ್ಲಿ. ಹಾಡು ಹೆದರಿಕೆ ಬಿಡಿಸಿತ್ತು, ಅಷ್ಟೇ.

ಕ್ಯಾಸೆಟ್ಟೇನಾಯಿತು ಅಂತೀರಾ? ಸಾಹೇಬರು ಹೋಗುವಾಗ, ಮಗಳಿಗೆ ಕೇಳಿಸುತ್ತೇನೆಂದು ಜೇಬಿಗಿಳಿಸಿದರು. ವಾಪಸು ಬರಲೇ ಇಲ್ಲ. ಉಳಿದ ವರ್ಷವೆಲ್ಲ ಮಾಸ್ತರರೇ ಹಾಡಿದರು. ಅವರ ಕಂಠ ರಾಜಕುಮಾರರದ್ದಂತೂ ಅಲ್ಲ.