ಭಾರ ಹಾಕಿ ನೋಡು

ಸಂಚಿಕೆಗೆ ಕವಿತೆ ಕೇಳಿದ್ದಿರಿ. ಬರಲಿಲ್ಲ. ಎರಡು ತಿಂಗಳಿಂದ ಕೈತುಂಬ ಗ್ರೀಸು. ಅದಕ್ಕೇ ಒಂದು ಹಳೆ ಕಾರಿನ ಸಂಗತಿ ಬರೆದು ಕಳಿಸುತ್ತಿದ್ದೇನೆ. ಹಾಕಿದರೆ ಹಾಕಿ.

ಬಿ.ಎ. ಮುಗಿಸಿ, ಕೆಲಸ ಸಿಗುವ ತನಕ ಅಂತ ಸೋದರಮಾವನ ಗ್ಯಾರೇಜು ಸೇರಿಕೊಂಡೆ. ಗ್ಯಾರೇಜು ಅಂದರೆ ಶಿರಾ ಕಡೆಯ ಹೆದ್ದಾರಿ ಪಕ್ಕ ನಾಲ್ಕು ಕಂಬ, ಮೇಲೆ ಆರು ತಗಡು, ಒಂದು ಬೇವಿನ ಮರ. ಮಾವ ಓದಿದ್ದು ನಾಲ್ಕನೇ ಕ್ಲಾಸು. ಲಾರಿ ಕ್ಲೀನರಾಗಿದ್ದವನು ನೋಡಿ ನೋಡಿ ಎಲೆಕ್ಟ್ರಿಷಿಯನ್ ಆದ. ಆಮೇಲೆ ಏಸಿ ಕೆಲಸವನ್ನೂ ಕಲಿತ. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವನು ನಾನೇ ಮೊದಲು. ಆದರೆ ಮೀಟರ್ ಹಿಡಿಯುವುದನ್ನು ನಾನು ಕಲಿತದ್ದು ನಾಲ್ಕನೇ ಕ್ಲಾಸಿನವನ ಹತ್ತಿರ.

ಕಳೆದ ಬೇಸಿಗೆ ಒಂದು ಬಿಳಿ ಕಾರು ಬಂತು. 1999ರ ಗಾಡಿ. ಕಂಪನಿ ಹೆಸರು ಬೇಡ, ತಪ್ಪು ಕಂಪನಿಯದಲ್ಲ. ಓಡಿಸಿಕೊಂಡು ಬಂದವರು ಪಕ್ಕದ ಹಳ್ಳಿಯ ದೊಡ್ಡಮನೆಯವರು. ಹೆದ್ದಾರಿಯಲ್ಲಿ ಓಡುವಾಗ ಏಸಿ ತಣ್ಣಗಿರುತ್ತೆ, ಊರೊಳಗೆ ನಿಂತರೆ ಐದು ನಿಮಿಷಕ್ಕೆ ಬಿಸಿಗಾಳಿ. ರಾತ್ರಿ ಹೆಡ್‌ಲೈಟ್ ಹಾಕಿದರೆ ಬ್ಲೋವರ್ ಸೊರಗುತ್ತೆ, ಹಾರ್ನ್ ಕೆಮ್ಮುತ್ತೆ. ಪೇಟೆಯಲ್ಲಿ ಎರಡು ಕಡೆ ತೋರಿಸಿದ್ದರು. ಒಂದು ಕಡೆ ಹೊಸ ಬ್ಯಾಟರಿ ಹಾಕಿದರು. ಇನ್ನೊಂದು ಕಡೆ ಎರಡು ಸಲ ಗ್ಯಾಸ್ ತುಂಬಿದರು. ಮೂರನೇ ಸಲ, ಕಂಪ್ರೆಸರ್ರೇ ಹೋಗಿದೆ, ಬದಲಾಯಿಸಿ ಅಂದರಂತೆ.

ಬಾನೆಟ್ ಎತ್ತಿ ನಾನು ಫ್ಯೂಸ್ ನೋಡಲು ಹೊರಟೆ. ಫ್ಯೂಸ್ ಡಬ್ಬಿ ಇದ್ದದ್ದು ಸ್ಟೇರಿಂಗ್ ಕೆಳಗೆ. ಬಾಗಿಲಿಗೆ ಕೈ ಹಾಕಿದೆ.

"ಯಾವೂರಪ್ಪಾ ನಿಂದು?"

ಹೇಳಿದೆ.

"ಊರೊಳಗಾ, ಆಚೇಗಾ?"

ಇದು ಎಂಥಾ ಪ್ರಶ್ನೆ ಅಂತ ನಿಮಗೆ ಹೇಳಬೇಕಾಗಿಲ್ಲ. "ಆಚೇಗೆ" ಅಂದೆ. ಅವರ ಮುಖದಲ್ಲಿ ಸಿಟ್ಟೇನೂ ಬರಲಿಲ್ಲ. ತುಂಬಾ ಮೆತ್ತಗೆ, "ಸೀಟ್ ಮೇಲೆ ಕೂರ್ಬೇಡ, ಆಚೆ ನಿಂತ್ಕಂಡೇ ನೋಡು. ಒಳಗಿನ ಸ್ವಿಚ್ಚೆಲ್ಲ ನಾನೇ ಹಾಕ್ತೀನಿ" ಅಂದರು.

ನಾನು ಮಾವನ ಮುಖ ನೋಡಿದೆ. ಮಾವ ನೆಲ ನೋಡಿದ. "ಹೋಗ್ಲಿ ಬುಡ್ಲಾ, ಕೆಲ್ಸ ನೋಡು" ಅಂದ.

ಮಂಡಿ ನೆಲದ ಮೇಲೆ, ತಲೆ ಮಾತ್ರ ಕಾರಿನೊಳಗೆ. ಹಾಗೆ ಫ್ಯೂಸ್ ನೋಡಿದೆ. ಎಲ್ಲಾ ಸರಿಯಿದ್ದವು. ಆ ಮಂಡಿಯೂರಿದ ಹೊತ್ತಲ್ಲೇ ಬಾಬಾಸಾಹೇಬರು ಬರೆದಿಟ್ಟ ಸಂಗತಿ ನೆನಪಾಯಿತು. 1901ರಲ್ಲಿ, ಗೋರೆಗಾಂವ್‌ನಲ್ಲಿದ್ದ ತಂದೆಯನ್ನು ನೋಡಲು ಹೊರಟ ಮಕ್ಕಳು ರೈಲಿಳಿದರು. ಜಾತಿ ಗೊತ್ತಾದ ಮೇಲೆ ಗಾಡಿಯವರು ಯಾರೂ ಬರಲೊಲ್ಲರು. ಕೊನೆಗೆ ಒಬ್ಬ ಎರಡರಷ್ಟು ಬಾಡಿಗೆಗೆ ಒಪ್ಪಿದ. ಕರಾರು ಏನೆಂದರೆ, ಗಾಡಿಯನ್ನು ಮಕ್ಕಳೇ ಹೊಡೆಯಬೇಕು, ಅವನು ಪಕ್ಕದಲ್ಲಿ ನಡೆದು ಬರುತ್ತಾನೆ. 1929ರಲ್ಲಿ, ಬ್ಯಾರಿಸ್ಟರ್ ಆದ ಮೇಲೂ, ಚಾಳೀಸ್‌ಗಾಂವ್‌ನಲ್ಲಿ ಟಾಂಗಾದವರು ಅವರನ್ನು ಕೂರಿಸಿಕೊಂಡು ಹೊಡೆಯಲಿಲ್ಲ. ನಮ್ಮವನೇ ಒಬ್ಬ, ಹೊಡೆದು ರೂಢಿಯಿಲ್ಲದವನು, ಲಗಾಮು ಹಿಡಿದ. ಸೇತುವೆ ಮೇಲೆ ಟಾಂಗಾದಿಂದ ಬಿದ್ದು ಬಾಬಾಸಾಹೇಬರ ಕಾಲು ಮುರಿಯಿತು. ಎತ್ತಿನ ಗಾಡಿ ಹೋಯಿತು, ಟಾಂಗಾ ಹೋಯಿತು, ಏಸಿ ಕಾರು ಬಂತು. ಸೀಟು ಮಾತ್ರ ಅಲ್ಲೇ ಇದೆ.

ಇರಲಿ, ಕೆಲಸಕ್ಕೆ ಬರುತ್ತೇನೆ.

ಏಸಿ ತಂಪನ್ನು ಹುಟ್ಟಿಸುತ್ತೆ ಅಂತ ನಾನು ತಿಳಿದಿದ್ದೆ. ಹಾಗಲ್ಲ. ಅದು ಒಳಗಿನ ಶಾಖ ಹೊತ್ತು ಹೊರಗೆ ಹಾಕುತ್ತೆ, ಅಷ್ಟೆ. ಡ್ಯಾಶ್‌ಬೋರ್ಡ್ ಹಿಂದಿನ ಕಾಯಿಲ್‌ನಲ್ಲಿ ಗ್ಯಾಸು ಆವಿಯಾಗುತ್ತಾ ಒಳಗಿನ ಶಾಖ ಹೀರುತ್ತೆ. ಕಂಪ್ರೆಸರ್ ಅದನ್ನು ಒತ್ತಿ ಮುಂದಿನ ಕಂಡೆನ್ಸರ್‌ಗೆ ದೂಡುತ್ತೆ. ಅಲ್ಲಿ ಗಾಳಿ ಬಡಿದು ಶಾಖ ಹೊರಗೆ ಹೋಗುತ್ತೆ, ಗ್ಯಾಸು ಮತ್ತೆ ದ್ರವವಾಗುತ್ತೆ. ಒಳಗಿನವರ ಶಾಖವನ್ನು ಹೊತ್ತು ಹೊರಗೆ ಹಾಕುವ ಕೆಲಸ ನಮ್ಮ ಕೇರಿಗೆ ಹೊಸದೇನಲ್ಲ.

ಮಾವ ಗೇಜು ಹಾಕಿದ. ಗಾಡಿ ನಿಂತಲ್ಲೇ ಓಡುತ್ತಿತ್ತು. ಕೆಂಪು ಗೇಜಿನ ಮುಳ್ಳು ಏರುತ್ತಾ ಏರುತ್ತಾ 400 ಪೌಂಡಿನ ಹತ್ತಿರ ಹೋಯಿತು. ಟಕ್ ಅಂತ ಕಂಪ್ರೆಸರ್ ಕ್ಲಚ್ ಬಿಟ್ಟಿತು. ಒತ್ತಡ ಮಿತಿಮೀರಿದರೆ ಪೈಪು ಒಡೆಯಬಾರದು ಅಂತ ಅಲ್ಲೊಂದು ಪ್ರೆಷರ್ ಸ್ವಿಚ್ ಇರುತ್ತೆ, ಅದು ತನ್ನ ಕೆಲಸ ಮಾಡಿತ್ತು. ಮಾವ ನಮ್ಮ ಕೊಡದಿಂದ ಒಂದು ಚೊಂಬು ನೀರು ತಗೊಂಡು ಕಂಡೆನ್ಸರ್ ಮೇಲೆ ಚೆಲ್ಲಿದ. ಮುಳ್ಳು ಸರ್ರನೆ ಇಳಿಯಿತು. ಕ್ಲಚ್ ಮತ್ತೆ ಹಿಡಿಯಿತು. "ತಣ್ಣಗ್ ಬಂತು!" ಅಂತ ಒಳಗಿಂದ ಕೂಗಿದರು. ನಮ್ಮ ಕೊಡದ ನೀರು ಅವರು ಕುಡಿಯುವವರಲ್ಲ. ಅವರ ಕಾರು ಕುಡಿಯಿತು.

"ಕಂಪ್ರೆಸರ್ ಚೆಂದಾಗೈತೆ" ಅಂದ ಮಾವ. "ಗಾಳಿ ಸಾಲ್ದು."

ಓಡುವಾಗ ಎದುರುಗಾಳಿ ಬಡಿಯುತ್ತೆ, ಅದಕ್ಕೇ ತಂಪು. ನಿಂತಾಗ ಫ್ಯಾನೇ ಗತಿ. ಆ ಫ್ಯಾನು ತಿರುಗುತ್ತಿತ್ತು, ಆದರೆ ಮುದುಕನ ಹಾಗೆ. ನಾನು ಫ್ಯಾನಿನ ಪ್ಲಗ್ ಕಿತ್ತು ಮೀಟರ್ ಹಿಡಿದೆ. 13.6 ವೋಲ್ಟ್. "ಕರೆಂಟ್ ಪೂರ್ತಿ ಬತ್ತೈತೆ ಮಾವ, ಫ್ಯಾನೇ ಹೋಗೈತೆ" ಅಂದೆ.

ಮಾವ ನಕ್ಕ. "ಖಾಲಿ ತಂತಿ ಯಾವತ್ತೂ ನಿಜ ಹೇಳಲ್ಲ ಕಣ್ಲಾ. ಒಂದೇ ಒಂದು ಎಳೆ ಉಳಿದಿದ್ರೂ ಮೀಟರ್ ಪೂರ್ತಿ ತೋರಿಸ್ತದೆ. ಪ್ಲಗ್ ಹಾಕು, ಎಲ್ಲಾ ಆನ್ ಮಾಡ್ಸು. ಭಾರ ಹಾಕಿ ನೋಡು."

ಹೆಡ್‌ಲೈಟು, ಬ್ಲೋವರು, ಎರಡು ಫ್ಯಾನು, ಎಲ್ಲಾ ಹಾಕಿಸಿದೆ. ಪ್ಲಗ್ಗಿನ ಬೆನ್ನಿಗೆ ಮೀಟರ್ ಕಡ್ಡಿ ಚುಚ್ಚಿ ಹಿಡಿದೆ. ಫ್ಯಾನಿಗೆ ಸಿಗುತ್ತಿದ್ದುದು 10 ವೋಲ್ಟ್. ಉಳಿದ 3.6 ಎಲ್ಲಿ ಹೋಯಿತು? ಬ್ಯಾಟರಿ ಪ್ಲಸ್‌ನಿಂದ ಫ್ಯಾನಿನ ಪ್ಲಸ್‌ವರೆಗೆ ಅಳೆದರೆ 0.3 ಮಾತ್ರ. ಫ್ಯಾನಿನ ಮೈನಸ್‌ನಿಂದ ಬ್ಯಾಟರಿ ಮೈನಸ್‌ವರೆಗೆ ಅಳೆದೆ: 3.3. ಚೆನ್ನಾಗಿರುವ ಗಾಡಿಯಲ್ಲಿ ಅಲ್ಲಿ 0.2 ದಾಟಬಾರದು.

ಹೈಸ್ಕೂಲಿನಲ್ಲಿ ನಮ್ಮ ಮೇಷ್ಟ್ರು ಓಮನ ನಿಯಮ ಹೇಳಿದ್ದರು. ಜರ್ಮನಿಯ ಓಮ್ 1827ರಲ್ಲಿ ಬರೆದದ್ದು. ಲ್ಯಾಬಿನಲ್ಲಿ ಒಂದು ಬ್ಯಾಟರಿಯೂ ಇರಲಿಲ್ಲ, ಬರೀ ಬೋರ್ಡು. ಅವತ್ತು ಆ ಬೋರ್ಡು ಕಣ್ಮುಂದೆ ಬಂತು. ಸುಮಾರು 33 ಆಂಪಿಯರ್ ಹರಿಯುವ ದಾರಿಯಲ್ಲಿ ಒಂದು ಓಮಿನ ಹತ್ತನೇ ಒಂದು ಭಾಗ ಅಡ್ಡಿಯಿದ್ದರೂ ಸಾಕು, 3.3 ವೋಲ್ಟ್ ಅಲ್ಲೇ ಸಾಯುತ್ತೆ. ಹಳ್ಳಿ ಮೇಷ್ಟ್ರುಗಳೇ, ನೀವು ಬರೀ ಸೀಮೆಸುಣ್ಣದಲ್ಲಿ ಹೇಳಿದ್ದೂ ದಂಡವಾಗುವುದಿಲ್ಲ.

ಕಾರಿನಲ್ಲಿ ಒಂದು ತಂತಿ ಕರೆಂಟನ್ನು ಒಯ್ಯುತ್ತೆ. ಬಹುಪಾಲು ಅದು ವಾಪಸ್ಸು ಬರುವುದು ಕಾರಿನ ಮೈಯಿಂದಲೇ. ಅದಕ್ಕೆ ಅರ್ತ್ ಅನ್ನುತ್ತಾರೆ. ಎಲ್ಲರೂ ಕೆಂಪು ತಂತಿಯನ್ನು ನೋಡುತ್ತಾರೆ, ಕಪ್ಪು ತಂತಿಯನ್ನು ಯಾರೂ ನೋಡುವುದಿಲ್ಲ. ಬ್ಯಾಟರಿ ಮೈನಸ್‌ನಿಂದ ಬಾಡಿಗೆ ಹೋಗುವ ಕಪ್ಪು ತಂತಿಯ ಮೇಲೆ ಕೈಯಾಡಿಸುತ್ತಾ ಹೋದೆ. ಬೋಲ್ಟಿನ ಹತ್ತಿರ ಬೆರಳು ಚುರ್ರೆಂದಿತು. ಸುಡುತ್ತಿತ್ತು! ಸತ್ತ ವೋಲ್ಟೆಲ್ಲ ಅಲ್ಲಿ ಶಾಖವಾಗಿತ್ತು. ಮುಟ್ಟದೆ ಇದ್ದಿದ್ದರೆ ಈ ರೋಗ ಸಿಗುತ್ತಿರಲಿಲ್ಲ.

ಮಾವ ಒಂದು ದಪ್ಪ ಕೇಬಲ್ ತಂದು ಬ್ಯಾಟರಿ ಮೈನಸ್‌ನಿಂದ ಬಾಡಿಯ ಬರಿ ಕಬ್ಬಿಣಕ್ಕೆ ಹಚ್ಚಿದ. ಫ್ಯಾನು ಭರ್ರೆಂದಿತು, ಹೆಡ್‌ಲೈಟು ಬೆಳ್ಳಗಾಯಿತು. ರುಜುವಾತಿಗೆ ಇನ್ನೇನು ಬೇಕು? ಬೋಲ್ಟ್ ಬಿಚ್ಚಿದೆವು. ಹಿಂದೆ ಯಾವಾಗಲೋ ಟಿಂಕರಿಂಗ್ ಮಾಡಿದವರು ಚೆಂದಕ್ಕೆ ಬಣ್ಣ ಹೊಡೆದು, ಬಣ್ಣದ ಮೇಲೇ ತಂತಿ ಕೂರಿಸಿ ಬಿಗಿದಿದ್ದರು. ಕೆಳಗೆ ತುಕ್ಕು, ತಾಮ್ರಕ್ಕೆ ಹಸಿರು ಕಿಲುಬು. ಬಣ್ಣ ಕೆರೆದು ಉಪ್ಪು ಕಾಗದದಲ್ಲಿ ಉಜ್ಜಿ, ಹೊಸ ತಂತಿ ಬಿಗಿದು ವ್ಯಾಸಲಿನ್ ಬಳಿದೆವು.

ಇನ್ನು ಗ್ಯಾಸು. ಎರಡು ಸಲ ಸುಮ್ಮನೆ ತುಂಬಿದ್ದರಿಂದ ಒತ್ತಡ ಇನ್ನೂ ಹೆಚ್ಚಿತ್ತು, ಅಂದರೆ ಮದ್ದೇ ರೋಗವನ್ನು ಬೆಳೆಸಿತ್ತು. "ಹೆಚ್ಚಿದ್ದು ಗಾಳಿಗೆ ಬುಟ್ಬುಡು" ಅಂದರು ಯಜಮಾನರು. ಮಾವ ಬಿಡಲಿಲ್ಲ, ಮಷೀನಿಗೆ ಎಳೆದುಕೊಂಡು ತೂಕ ಮಾಡಿ ಮತ್ತೆ ತುಂಬಿದ. ಹಳೆ ಕಾಲದ ಆರ್-12 ಗ್ಯಾಸು ಓಝೋನ್ ಪದರವನ್ನು ತಿನ್ನುತ್ತಿತ್ತು. 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ನಮ್ಮ ದೇಶದಲ್ಲಿ ಅದು 2010ಕ್ಕೆ ನಿಂತಿತು. ಈ ಕಾರಿನಲ್ಲಿದ್ದುದು ಆರ್-134ಎ. ಅದು ಓಝೋನ್ ತಿನ್ನಲ್ಲ, ಆದರೆ ಭೂಮಿಯನ್ನು ಕಾಯಿಸುವುದರಲ್ಲಿ ಒಂದು ಕೆ.ಜಿ. ಗ್ಯಾಸು ಸಾವಿರ ಕೆ.ಜಿ.ಗೂ ಮಿಕ್ಕಿದ ಇಂಗಾಲದ ಡೈಆಕ್ಸೈಡಿಗೆ ಸಮ. ಆ ಬಿಸಿಲು ಬೀಳುವುದು ಯಾರ ಬೆನ್ನ ಮೇಲೆ? ಶೇಂಗಾ ಹೊಲದಲ್ಲಿ ಬಗ್ಗಿದ ನನ್ನವ್ವನ ಬೆನ್ನ ಮೇಲೆ.

ಕೆಲಸ ಮುಗೀತು ಅಂತ ಯಜಮಾನರು ಇಳಿದು ಬಂದು ಜೇಬಿಗೆ ಕೈ ಹಾಕಿದರು. ಮಾವ ಹೋಗಿ ಬೀಗದ ಕೈ ಕಿತ್ತು ತನ್ನ ಜೇಬಿಗೆ ಹಾಕಿಕೊಂಡ.

"ಇನ್ನೂ ಮುಗ್ದಿಲ್ಲ ಸ್ವಾಮಿ. ಬಾಗ್ಲು ಹಾಕ್ಕಂಡು, ಒಳಗ್ ಕೂತು, ಹತ್ತು ನಿಮಿಷ ಥರ್ಮಾಮೀಟರ್ ಹಿಡೀಬೇಕು. ನಮ್ಮುಡ್ಗ ಕೂತ್ಕಂತಾನೆ."

"ನಾನೇ ಹಿಡೀತೀನಿ ಕೊಡು."

"ರಿಪೇರಿ ಮಾಡ್ದೋನು ನೋಡ್ಬೇಕು. ಇಲ್ಲಾ ಅಂದ್ರೆ ಹಳೇ ತಂತೀನೇ ಹಾಕ್ಕೊಡ್ತೀನಿ, ದುಡ್ಡು ಬ್ಯಾಡ."

ಇಪ್ಪತ್ತು ವರ್ಷ 'ಹೋಗ್ಲಿ ಬುಡು' ಅಂದ ಬಾಯಿ ಅದು. ಯಜಮಾನರು ಬೇವಿನ ಮರದ ಕಡೆ ತಿರುಗಿ ನಿಂತರು. ನಾನು ಕೂತೆ. ಹೊರಗೆ 38 ಡಿಗ್ರಿ. ಹತ್ತು ನಿಮಿಷಕ್ಕೆ ಮಧ್ಯದ ಕಿಂಡಿಯಲ್ಲಿ 8 ಡಿಗ್ರಿ. ಇಳಿದು ಬಂದು ಹೇಳಿದೆ.

ಅವರು ದುಡ್ಡು ಕೊಟ್ಟರು. ಕಾರಿನ ನಾಲ್ಕೂ ಬಾಗಿಲು ತೆರೆದರು. ತೆರೆದು, ಬಿಸಿಲಲ್ಲಿ ಸುಮ್ಮನೆ ನಿಂತರು. ನಾವು ಅರ್ಧ ದಿನ ದುಡಿದು ತಂದ ತಂಪೆಲ್ಲ ರಸ್ತೆಗೆ ಹೋಯಿತು. ಅದು ಪೂರ್ತಿ ಹೋದ ಮೇಲೆ, ಕಾದ ಸೀಟಿನ ಮೇಲೆ ಟವಲ್ ಹಾಸಿ ಕೂತು ಹೊರಟರು.

ಸಂವಿಧಾನದ 17ನೇ ವಿಧಿ 1950ರಿಂದ ಇದೆ. 1955ರ ಕಾಯ್ದೆ ಇದೆ, 1989ರ ಕಾಯ್ದೆ ಇದೆ. ಪ್ಲಗ್ ಕಿತ್ತು ಮೀಟರ್ ಹಿಡಿದು, "ನೋಡಿ, 13.6 ಬರ್ತಿದೆ, ಈಗೆಲ್ಲಿದೆ ಜಾತಿ?" ಅಂತ ಕೇಳುವವರು ಕಾಲೇಜಿನಲ್ಲಿದ್ದಾರೆ, ಕವಿಗೋಷ್ಠಿಗಳಲ್ಲಿದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ, ಖಾಲಿ ತಂತಿಯನ್ನು ಅಳೆಯುತ್ತಿದ್ದಾರೆ. ಭಾರ ಹಾಕಿ ನೋಡಲಿ. ಒಂದೇ ಸೀಟಿನಲ್ಲಿ ಕೂರುವಾಗ, ಮನೆ ಬಾಡಿಗೆ ಕೇಳುವಾಗ, ಹೆಣ್ಣು ಕೇಳುವಾಗ ನೋಡಲಿ. ಎಷ್ಟು ವೋಲ್ಟ್ ಉಳಿಯುತ್ತೆ ಹೇಳಲಿ.

ಆ ಸಂಜೆ ಮಾವ ಕೈ ತೊಳೆಯುತ್ತಾ ಕೇಳಿದ: "ಸುಟ್ಟ ಬೆರಳು ಹೆಂಗೈತ್ಲಾ?"

"ಬರಿಯೋಕೆ ಆಯ್ತದೆ" ಅಂದೆ.