ನಾಲ್ಕು ಕಿಲೋಮೀಟರ್ ರಸ್ತೆಗೆ ನಾಲ್ಕು ಯಜಮಾನರು

ಸೈಕಲ್‌ನಿಂದ ಬಿದ್ದವರ ಸುದ್ದಿ ಪೇಪರಿಗೆ ಬರುವುದಿಲ್ಲ. ಬೈಕ್ ಬಿದ್ದರೆ ಠಾಣೆಗೆ ಹೋಗುತ್ತದೆ, ಇನ್ಶೂರೆನ್ಸ್‌ಗೆ ಕಾಗದ ಬೇಕಾಗುತ್ತದೆ, ಬೆಳಗ್ಗೆ ಠಾಣೆಗೆ ಫೋನ್ ಮಾಡುವ ನಮ್ಮಂಥ ವರದಿಗಾರರಿಗೂ ಗೊತ್ತಾಗುತ್ತದೆ. ಸೈಕಲ್ ಗುಂಡಿಗಿಳಿದು ಮೊಣಕಾಲು ಒಡೆದುಕೊಂಡ ಹುಡುಗಿ, ಹಾಲಿನ ಕ್ಯಾನ್ ಸಮೇತ ಚರಂಡಿಗೆ ಬಿದ್ದ ಅಜ್ಜ ಮನೆಗೆ ಹೋಗಿ ಅರಿಶಿನ ಹಚ್ಚಿಕೊಂಡು ಸುಮ್ಮನಾಗುತ್ತಾರೆ. ಅದು ಎಲ್ಲೂ ದಾಖಲಾಗುವುದಿಲ್ಲ. ದಾಖಲೆ ಇಲ್ಲ ಅಂದಮೇಲೆ ಕಚೇರಿ ಲೆಕ್ಕದಲ್ಲಿ ಆ ಗುಂಡಿಯೂ ಇಲ್ಲ.

ನಮ್ಮೂರಿನಿಂದ ಹೈಸ್ಕೂಲಿಗೆ ನಾಲ್ಕು ಕಿಲೋಮೀಟರ್. ಕಳೆದ ಮಳೆಗಾಲದಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಬಿದ್ದು ಮುಂದಿನ ಎರಡು ಹಲ್ಲು ಮುರಿದುಕೊಂಡಳು. ಅವರಪ್ಪ ಕೂಲಿ ಮಾಡುವವರು. "ಆಟೋಗೆ ತಿಂಗಳಿಗೆ ಕೊಡೋಷ್ಟು ನಮ್ಮತ್ರ ಇಲ್ಲ, ಸೈಕಲ್ ಹತ್ತಿಸೋಕೆ ಅವಳವ್ವ ಬಿಡಲ್ಲ. ಈ ವರ್ಷಕ್ಕೆ ಸಾಕು ಅಂತಿದೀವಿ" ಅಂದರು. ಒಂದು ಗುಂಡಿ ಒಬ್ಬಳ ಓದು ನಿಲ್ಲಿಸುವ ಹಂತಕ್ಕೆ ಬಂದಿತ್ತು.

ನಾನು ಎರಡು ಕಾಲಂ ಸುದ್ದಿ ಮಾಡಿದೆ. 'ರಸ್ತೆ ದುರಸ್ತಿಗೆ ಸಾರ್ವಜನಿಕರ ಆಗ್ರಹ' ಅನ್ನುವ ತಲೆಬರಹ ಬಂತು. ಪ್ರತಿಕ್ರಿಯೆ ಕೇಳಲು ಇಂಜಿನಿಯರ್ ಒಬ್ಬರಿಗೆ ಫೋನ್ ಮಾಡಿದರೆ, "ಆ ರಸ್ತೆ ನಮ್ದಲ್ಲ ಬಿಡ್ರಿ" ಅಂದರು. ಜಾರಿಕೊಳ್ಳುವ ಮಾತು ಅನ್ನಿಸಬಹುದು. ಆದರೆ ವಿಚಾರಿಸಿದಾಗ ಅದು ನಿಜವೇ ಆಗಿತ್ತು. ಆ ನಾಲ್ಕು ಕಿಲೋಮೀಟರ್‌ಗೆ ನಾಲ್ಕು ಯಜಮಾನರಿದ್ದಾರೆ.

ಒಂದು ಭಾನುವಾರ ಬೈಕ್ ಬಿಟ್ಟು, ತಮ್ಮನ ಸೈಕಲ್ ಮತ್ತು ಗಾರೆ ಕೆಲಸದವರ ಅಳತೆ ಟೇಪ್ ತೆಗೆದುಕೊಂಡು ಹೊರಟೆ. ಹೈಸ್ಕೂಲಿನ ಇಬ್ಬರು ಹುಡುಗರು ಜೊತೆಗೆ ಬಂದರು. ಎಲ್ಲಿ ಇಳಿಯಬೇಕು, ಎಲ್ಲಿ ಬಲಕ್ಕೆ ಎಳೆಯಬೇಕು ಅನ್ನುವುದು ಅವರಿಗೆ ಬಾಯಿಪಾಠ. ಹೋಗಿ ಬರುವಷ್ಟರಲ್ಲಿ ಹನ್ನೊಂದು ಜಾಗ ಗುರುತು ಮಾಡಿದೆವು.

ಮೊದಲ ಅರ್ಧ ಕಿಲೋಮೀಟರ್ ಊರೊಳಗಿನ ಸಿಮೆಂಟ್ ರಸ್ತೆ. ಇದು ಗ್ರಾಮ ಪಂಚಾಯಿತಿಯದು. ಜಲ ಜೀವನ್ ಮಿಷನ್‌ನಲ್ಲಿ ಮನೆಮನೆಗೆ ನಲ್ಲಿ ಹಾಕುವಾಗ ರಸ್ತೆಯನ್ನು ಅಡ್ಡಕ್ಕೆ ಕೊಯ್ದು ಪೈಪ್ ಇಟ್ಟು, ಮೇಲೆ ಬರೀ ಮಣ್ಣು ಎಳೆದಿದ್ದರು. ಮಳೆಗೆ ಮಣ್ಣು ಕುಸಿದು ಒಂಬತ್ತು ಇಂಚು ಅಗಲ, ನಾಲ್ಕು ಇಂಚು ಆಳದ ಸೀಳು ಆಗಿತ್ತು. ಬೈಕಿನ ದಪ್ಪ ಟೈರ್ ಅದನ್ನು ಕುಲುಕಿಕೊಂಡು ದಾಟುತ್ತದೆ. ಸೈಕಲ್‌ನ ಮುಂದಿನ ಚಕ್ರ ಅಲ್ಲೇ ಕೂರುತ್ತದೆ, ಸವಾರಿ ಮಾಡುವವರು ಮಾತ್ರ ಮುಂದಕ್ಕೆ ಹೋಗುತ್ತಾರೆ. ಆ ಹುಡುಗಿ ಬಿದ್ದದ್ದು ಇಲ್ಲೇ. ಅದೇ ಬೀದಿಯಲ್ಲಿ ಚರಂಡಿ ಮೇಲಿನ ಒಂದು ಚಪ್ಪಡಿಯೂ ಮುರಿದಿತ್ತು.

ಆಮೇಲಿನ ಎರಡು ಕಿಲೋಮೀಟರ್ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆ. ಟಾರು ಚೆನ್ನಾಗಿದೆ. ಆದರೆ ಟಾರಿನ ಅಂಚಿಗೂ ಪಕ್ಕದ ಮಣ್ಣಿಗೂ ಐದು ಇಂಚು ವ್ಯತ್ಯಾಸ. ಹಿಂದಿನಿಂದ ಕಬ್ಬಿನ ಟ್ರ್ಯಾಕ್ಟರ್ ಬಂದರೆ ಸೈಕಲ್‌ನವರು ಕೆಳಗಿಳಿಯಲೇಬೇಕು, ಇಳಿದರೆ ಬೀಳಬೇಕು. ತಿರುವಿನಲ್ಲಿ ಜಾಲಿ ಬೆಳೆದು ಎದುರಿನಿಂದ ಬರುವ ಗಾಡಿ ಕಾಣುವುದಿಲ್ಲ. ಈ ಯೋಜನೆಯ ರಸ್ತೆ ಮುಗಿದ ಮೇಲೆ ಐದು ವರ್ಷ ಅದನ್ನು ಸುಸ್ಥಿತಿಯಲ್ಲಿಡುವುದು ಗುತ್ತಿಗೆದಾರರ ಹೊಣೆ. ಗುತ್ತಿಗೆದಾರರ ಹೆಸರು, ಮುಗಿದ ದಿನಾಂಕ ರಸ್ತೆ ಶುರುವಾಗುವ ಕಡೆ ಬೋರ್ಡಿನಲ್ಲಿ ಇರುತ್ತದೆ. ನಮ್ಮೂರ ಬೋರ್ಡಿಗೆ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟಿದ್ದರು. ಬಿಚ್ಚಿ ಓದಿದೆವು, ಇನ್ನೂ ಎರಡು ವರ್ಷ ಬಾಕಿ ಇತ್ತು.

ಮೂರನೆಯದು ನಾಲೆ ಸೇತುವೆ. ಒಂದು ಕಡೆಯ ತಡೆಗೋಡೆ ಬಿದ್ದು ಹನ್ನೆರಡು ಅಡಿ ಖಾಲಿ. ನಾಲೆಯ ಮೇಲಿನ ಇಂಥ ಸೇತುವೆ, ನಾಲೆ ಏರಿಯ ರಸ್ತೆ ನೀರಾವರಿಯವರ ಲೆಕ್ಕಕ್ಕೆ ಬರುತ್ತವೆ. ಕೊನೆಯದು ರಾಜ್ಯ ಹೆದ್ದಾರಿ, ಲೋಕೋಪಯೋಗಿ ಇಲಾಖೆಯದು. ಅಲ್ಲಿ ಶಾಲೆ ಹತ್ತಿರ ಯಾರೋ ರಾತ್ರೋರಾತ್ರಿ ಹಾಕಿಸಿದ ಹಂಪ್ ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಪ್ರಕಾರ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇದ್ದು ಮೆಲ್ಲಗೆ ಏರಿ ಇಳಿಯಬೇಕು. ನಮ್ಮದು 17 ಸೆಂಟಿಮೀಟರ್ ಎತ್ತರ, ಮುಕ್ಕಾಲು ಮೀಟರ್ ಅಗಲ. ಹಂಪ್ ಅಲ್ಲ, ಮೋಟು ಗೋಡೆ.

ಯಾವ ರಸ್ತೆ ಯಾರದು ಎಂದು ತಿಳಿಯಲು ಸುಲಭ ಗುರುತೊಂದಿದೆ. ಕಿಲೋಮೀಟರ್ ಕಲ್ಲಿನ ತಲೆ ನೋಡಿ. ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ, ಕಿತ್ತಳೆ ಇದ್ದರೆ ಗ್ರಾಮೀಣ ರಸ್ತೆ. ಕಲ್ಲೇ ಇಲ್ಲದಿದ್ದರೆ ಪಂಚಾಯಿತಿಯಲ್ಲಿ ಪಿಡಿಒ ಅವರನ್ನು ಕೇಳಿ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ದಿನಾ ನೂರಾರು ಜನ ಓಡಾಡುವ ರಸ್ತೆಯಲ್ಲಿ ಇದು ಯಾರ ಕಣ್ಣಿಗೂ ಯಾಕೆ ಬೀಳಲಿಲ್ಲ? ಒಬ್ಬ ಇಂಜಿನಿಯರ್ ನೇರವಾಗಿ ಹೇಳಿದರು: "ಜೀಪಲ್ಲಿ ಹೋಗೋವಾಗ ಇವ್ಯಾವೂ ಗೊತ್ತಾಗಲ್ಲ ಕಣ್ರೀ." ಅದು ಬರೀ ಜೀಪಿನ ಮಾತಲ್ಲ. ಊರಲ್ಲಿ ಅರ್ಜಿ ಬರೆಯಬಲ್ಲವರು, ಮೆಂಬರ್‌ಗೆ ಫೋನ್ ಮಾಡಬಲ್ಲವರು ಎಲ್ಲರೂ ಬೈಕಿಗೆ ಬಂದಾಗಿದೆ. ಸೈಕಲ್ ಮೇಲೆ ಉಳಿದವರು ಶಾಲೆ ಮಕ್ಕಳು, ಡೇರಿಗೆ ಹಾಲು ಹಾಕುವ ಮುದುಕರು, ಕೂಲಿಗೆ ಹೋಗುವವರು. ನಮ್ಮ ಸರ್ಕಾರ 2006-07ರಿಂದ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಟ್ಟಿತು, ಕೋವಿಡ್ ಬಂದಮೇಲೆ ಅದು ನಿಂತಿತು. ಅಕ್ಕನ ಸೈಕಲ್ ತಂಗಿ ಇವತ್ತಿಗೂ ತುಳಿಯುತ್ತಿದ್ದಾಳೆ. ಅವಳ ಸೈಕಲ್ ಎಲ್ಲೆಲ್ಲಿ ಬೀಳುತ್ತದೆ ಎಂದು ಯಾರೂ ಕೇಳಿಲ್ಲ.

ಹಾಗಾಗಿ ಅರ್ಜಿಯಲ್ಲಿ ಸೈಕಲ್ ಕಾಣಬೇಕು. 'ರಸ್ತೆ ಹದಗೆಟ್ಟಿದೆ, ದಯಮಾಡಿ ಸರಿಪಡಿಸಿ' ಎಂದರೆ ಯಾರೂ ಏನೂ ಮಾಡಲಾಗದು. ನಾವು ಹನ್ನೊಂದು ಜಾಗಕ್ಕೆ ಹನ್ನೊಂದು ಅರ್ಜಿ ಬರೆದೆವು. ಪ್ರತಿಯೊಂದೂ ಅರ್ಧ ಪುಟ. ಜಾಗ ಯಾವುದು, ಯಾರ ಅಂಗಡಿ ಎದುರು, ಕಿಲೋಮೀಟರ್ ಕಲ್ಲಿನಿಂದ ಎಷ್ಟು ದೂರ. ಉದ್ದ, ಅಗಲ, ಆಳ ಎಷ್ಟು. ಅಲ್ಲಿ ಸೈಕಲ್‌ಗೆ ಏನಾಗುತ್ತದೆ. ದಿನಕ್ಕೆ ಎಷ್ಟು ಸೈಕಲ್ ಹೋಗುತ್ತವೆ. ಏನು ಮಾಡಿದರೆ ಸರಿಹೋಗುತ್ತದೆ. ಲೆಕ್ಕಕ್ಕಾಗಿ ಹುಡುಗರು ಬೆಳಗ್ಗೆ ಎಂಟರಿಂದ ಒಂಬತ್ತೂವರೆವರೆಗೆ ಸೇತುವೆ ಹತ್ತಿರ ನಿಂತು ಎಣಿಸಿದರು, ಅರವತ್ತಮೂರು ಸೈಕಲ್. ಆ ಸಂಖ್ಯೆ ಯಾವ ಕಚೇರಿಯಲ್ಲೂ ಇರಲಿಲ್ಲ. ಫೋಟೋದಲ್ಲಿ ಗುಂಡಿ ಪಕ್ಕ ಟೇಪ್ ಹಿಡಿದು ತೆಗೆದೆವು. ಎರಡು ಪ್ರತಿ ಮಾಡಿ ಒಂದರ ಮೇಲೆ ಸೀಲು, ಇನ್‌ವರ್ಡ್ ನಂಬರ್ ಹಾಕಿಸಿಕೊಂಡೆವು. ಸೀಲು ಇಲ್ಲದ ಅರ್ಜಿ ಕೊಟ್ಟಂತೆಯೂ ಅಲ್ಲ, ಕೊಡದಂತೆಯೂ ಅಲ್ಲ.

ತಾಲ್ಲೂಕಿಗೆ ಹೋಗಲಾಗದವರು 1902ಕ್ಕೆ ಫೋನ್ ಮಾಡಬಹುದು. ಅದು ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ. ದೂರಿನ ನಂಬರ್ ಕೊಡುತ್ತಾರೆ, ಬರೆದಿಟ್ಟುಕೊಳ್ಳಿ. ಗ್ರಾಮ ಸಡಕ್ ರಸ್ತೆಗೆ 'ಮೇರಿ ಸಡಕ್' ಅನ್ನುವ ಆ್ಯಪ್ ಇದೆ, ಅಲ್ಲೇ ನಿಂತು ಫೋಟೋ ಹಾಕಬಹುದು. ರಾಷ್ಟ್ರೀಯ ಹೆದ್ದಾರಿಗೆ 1033. ವಾಲಿದ ಕರೆಂಟ್ ಕಂಬ, ಜೋತುಬಿದ್ದ ತಂತಿಗೆ 1912.

ಒಂದು ಅಪಾಯಕ್ಕೆ ಮಾತ್ರ ಅರ್ಜಿ ಬರೆಯುವುದು ಕಷ್ಟವಾಯಿತು. ಸುಗ್ಗಿಯಲ್ಲಿ ಹುರುಳಿ, ರಾಗಿಯನ್ನು ಟಾರು ರಸ್ತೆ ಮೇಲೆ ಹರಡುವವರು ನಮ್ಮವರೇ. ಹುರುಳಿ ಬಳ್ಳಿ ಸೈಕಲ್ ಚೈನಿಗೆ ಸುತ್ತಿಕೊಳ್ಳುತ್ತದೆ, ಉದುರಿದ ಕಾಳು ಚಕ್ರದಡಿ ಗೋಲಿಯಂತೆ ಜಾರುತ್ತದೆ. ಆದರೆ ಊರ ಕಣಗಳೆಲ್ಲ ಸೈಟಾಗಿವೆ, ರೈತರು ಎಲ್ಲಿಗೆ ಹೋಗಬೇಕು? ಇದನ್ನು ದೂರಾಗಿ ಬರೆಯದೆ ಗ್ರಾಮ ಸಭೆಯಲ್ಲಿ ಎತ್ತಿದೆವು. ಉದ್ಯೋಗ ಖಾತ್ರಿಯಲ್ಲಿ ಒಕ್ಕಣೆ ಕಣ ಮಾಡಿಸಿದ ಪಂಚಾಯಿತಿಗಳು ನಮ್ಮ ರಾಜ್ಯದಲ್ಲಿ ಇವೆ, ನಮಗೂ ಒಂದು ಬೇಕು ಎಂದು ಕೇಳಿದೆವು. ಸ್ವಲ್ಪ ಗಲಾಟೆಯಾಯಿತು. ಕೊನೆಗೆ ಗೋಮಾಳದ ಪಕ್ಕ ಜಾಗ ನೋಡುವುದು ಎಂದು ನಡಾವಳಿಯಲ್ಲಿ ಬರೆಸಿದ್ದೇವೆ.

ಫಲ ಏನು ಅಂದರೆ: ಚರಂಡಿ ಚಪ್ಪಡಿ ಎಂಟು ದಿನಕ್ಕೆ ಬಂತು. ಪೈಪ್ ಅಗೆದ ಸೀಳಿಗೆ ಐದು ವಾರ ಹಿಡಿಯಿತು. ಅಗೆದ ಜಾಗ ಮುಚ್ಚುವುದೂ ಗುತ್ತಿಗೆಯ ಅಂದಾಜು ಪಟ್ಟಿಯಲ್ಲೇ ಇತ್ತು, ಅದನ್ನು ತೋರಿಸಿದ ಮೇಲೆ ಕಾಂಕ್ರೀಟ್ ಹಾಕಿದರು. ಮರುವಾರ ಆ ಹುಡುಗಿಯ ತಾಯಿ ಬಂದು ನೋಡಿ, ಕಾಲಲ್ಲಿ ತುಳಿದು, ಮಗಳನ್ನು ಕಳಿಸಿದರು. ಗ್ರಾಮ ಸಡಕ್ ರಸ್ತೆಯ ಅಂಚಿಗೆ ಎರಡು ತಿಂಗಳ ಮೇಲೆ ಗ್ರಾವೆಲ್ ಬಿತ್ತು, ಜಾಲಿ ಕಡಿದರು. ಹಂಪ್‌ಗೆ ಬಿಳಿ ಪಟ್ಟೆ ಬಳಿದಿದ್ದಾರೆ, ಎತ್ತರ ಹಾಗೇ ಇದೆ. ಹನ್ನೊಂದರಲ್ಲಿ ಏಳು ಆಗಿದೆ.

ಸೇತುವೆ ಆಗಿಲ್ಲ. ಅರ್ಜಿ ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗಿ, 'ಅನುದಾನ ಲಭ್ಯತೆ ಮೇರೆಗೆ' ಎಂಬ ಷರಾದೊಂದಿಗೆ ವಾಪಸ್ ಬಂದಿದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 198ಎ ಎಂಬ ಕಲಂ ಸೇರಿತು. ರಸ್ತೆಯ ನಿರ್ಮಾಣ, ನಿರ್ವಹಣೆಯ ಮಾನದಂಡ ಪಾಲಿಸದೆ ಯಾರಾದರೂ ಸತ್ತರೆ ಅಥವಾ ಅಂಗವಿಕಲರಾದರೆ, ಹೊಣೆ ಹೊತ್ತವರಿಗೆ 1 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಆದರೆ ಅದು ಆದಮೇಲಿನ ಮಾತು. ನಾಲೆಗೆ ಮಗು ಬಿದ್ದ ಮೇಲೆ ಕಲಂ ಹುಡುಕುವುದಕ್ಕಿಂತ, ಬೀಳುವ ಮುಂಚೆ ಅರ್ಜಿ ಹಾಕುವುದು ಮೇಲು. ಅಲ್ಲದೆ ಅರ್ಜಿಗೆ ಸೀಲು ಬಿದ್ದಿದ್ದರೆ, ಆಮೇಲೆ ಯಾರೂ ಗೊತ್ತಿರಲಿಲ್ಲ ಎನ್ನಲು ಬರುವುದಿಲ್ಲ.

ಈಗ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ ಮಾಹಿತಿ ಹಕ್ಕಿನಲ್ಲಿ ಕೇಳಿದ್ದೇವೆ: ಈ ಸೇತುವೆಯ ದುರಸ್ತಿಗೆ ಅಂದಾಜು ಪಟ್ಟಿ ಮಾಡಲಾಗಿದೆಯೇ, ಯಾವ ದಿನಾಂಕ, ಈಗ ಯಾರ ಬಳಿ ಇದೆ? ಮೂವತ್ತು ದಿನದೊಳಗೆ ಉತ್ತರ ಬರಬೇಕು, ಹನ್ನೆರಡು ದಿನ ಕಳೆದಿದೆ. ಅಲ್ಲಿವರೆಗೆ ಹುಡುಗರು ಖಾಲಿ ಜಾಗಕ್ಕೆ ಎರಡು ಬಿದಿರು ಗಳ ಕಟ್ಟಿ ಕೆಂಪು ಬಟ್ಟೆ ಸುತ್ತಿದ್ದಾರೆ. ನಿಮ್ಮೂರಿಂದ ಶಾಲೆಗೆ ಎಷ್ಟು ಕಿಲೋಮೀಟರ್? ಒಂದು ಭಾನುವಾರ ಸೈಕಲ್ ತುಳಿದು ನೋಡಿ. ಟೇಪ್ ಮರೆಯಬೇಡಿ.